ಅಜ್ಜನ ಬೇಟೆ ರೈಫಲ್‌ಗೆ ಪಾಲಿಶ್ ಹೊಡಿಸಲಾ?

ಪ್ರಶ್ನೆ: ನಮ್ಮದು ಕುಷ್ಟಗಿ ತಾಲೂಕಿನ ಒಂದು ಹಳ್ಳಿ. ಅಜ್ಜ ಬಳ್ಳಾರಿ ಕಡೆಯ ಬೀಗರ ಮೂಲಕ ತರಿಸಿದ ಬೇಟೆ ರೈಫಲ್ ಒಂದು ನಮ್ಮ ವಾಡೆಯಲ್ಲಿತ್ತು. ಅಪ್ಪ ತೀರಿಕೊಂಡ ಮೇಲೆ ಠಾಣೆಯಲ್ಲಿ ಇಟ್ಟಿದ್ದೆವು. ಈಗ ವಾರಸಾ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಬಂದಿದೆ. ನಳಿಗೆ ಮೇಲೆ ‘ಪಿ. ಓರ್ ಅಂಡ್ ಸನ್ಸ್, ಮದ್ರಾಸ್’ ಅಂತ ಇದೆ. ಬೆಂಗಳೂರಿನಲ್ಲಿರುವ ಮಗ, ‘ಇದೇನಪ್ಪ ಗುಜರಿ ಸಾಮಾನು, ಈಗಿನ ಪ್ಲಾಸ್ಟಿಕ್ ಹಿಡಿಯ ರೈಫಲ್ ಇದಕ್ಕಿಂತ ಚೆನ್ನಾಗಿ ಹೊಡೆಯುತ್ತೆ’ ಅನ್ನುತ್ತಾನೆ. ಆದರೆ ನೋಡಿದವರೆಲ್ಲ ಕೈ ಸವರಿ, ‘ಕೊಡ್ತೀರಾ?’ ಅಂತ ಕೇಳುತ್ತಾರೆ. ಬೇಟೆಯೇ ಇಲ್ಲದ ಕಾಲದಲ್ಲಿ ಇಂಥ ಹಳೆ ರೈಫಲ್ ಮೇಲೆ ಯಾಕಿಷ್ಟು ಮೋಹ? ಮರ ಮಂಕಾಗಿದೆ. ಊರಿನ ಬಡಿಗ ಉಜ್ಜಿ ಪಾಲಿಶ್ ಹೊಡೆದು ಕೊಡ್ತೀನಿ ಅಂತಿದ್ದಾನೆ. ಹೊಡಿಸಲಾ?

ಉತ್ತರ: ಗೌಡ್ರೇ, ಮೊದಲು ಬಡಿಗನಿಗೆ ಬೇಡ ಅನ್ನಿ. ಮಿಕ್ಕಿದ್ದನ್ನು ನಿಧಾನಕ್ಕೆ ಮಾತಾಡೋಣ. ಉಪ್ಪು ಕಾಗದ ಒಂದು ಸಲ ಆಡಿತು ಅಂದರೆ, ಜನ ಕೈ ಸವರಿ ನೋಡುತ್ತಾರಲ್ಲ, ಅದರಲ್ಲಿ ಅರ್ಧ ಅಲ್ಲಿಗೇ ಹೋಯಿತು. ಯಾಕೆ ಅಂತ ಹೇಳಿದರೆ ನಿಮ್ಮ ಮೊದಲ ಪ್ರಶ್ನೆಗೂ ಉತ್ತರ ಸಿಗುತ್ತದೆ.

ನಾನು ಬಳ್ಳಾರಿಯಲ್ಲಿ ಲೈಸೆನ್ಸ್ ಬಂದೂಕುಗಳ ರಿಪೇರಿ ಮಾಡುವವನು. ನನ್ನ ಮೇಜಿಗೆ ಬರುವುದರಲ್ಲಿ ಜಾಸ್ತಿ ಜೋಡು ನಳಿಗೆಯ ಹನ್ನೆರಡು ಬೋರಿನವು, ಆಮೇಲೆ ಬಂಗಾಳದ ಇಶಾಪುರ ಕಾರ್ಖಾನೆಯ ಪಾಯಿಂಟ್ 315 ರೈಫಲ್ (ಈ ಅಂಕಿ ನಳಿಗೆಯ ಒಳ ಅಗಲದ್ದು, ಇಂಚಿನ ಲೆಕ್ಕದಲ್ಲಿ). ಹೇಳಿ ಮಾಡಿಸಿದ ಬೇಟೆ ರೈಫಲ್ ಬರುವುದು ಅಪರೂಪ. ಬಂದರೆ ಅವತ್ತು ಬೇರೆ ಕೆಲಸ ಮುಂದಕ್ಕೆ ಹೋಗುತ್ತದೆ.

ನೀವು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಪಿ. ಓರ್ ಅನ್ನುವುದು ಮದ್ರಾಸಿನ ಮೌಂಟ್ ರೋಡಿನ ದೊಡ್ಡ ಅಂಗಡಿ. ಗಡಿಯಾರಕ್ಕೆ ಹೆಸರುವಾಸಿ, ಬಂದೂಕೂ ಮಾರುತ್ತಿದ್ದರು. ಕಲ್ಕತ್ತಾದಲ್ಲಿ ಮ್ಯಾಂಟನ್, ರಾಡ್ಡ ಅಂತ ಇದೇ ಥರದ ಅಂಗಡಿಗಳಿದ್ದವು. ವಿಲಾಯಿತಿಯಿಂದ ಮಾಲು ತರಿಸಿ ನಳಿಗೆ ಮೇಲೆ ತಮ್ಮ ಹೆಸರು ಹಾಕಿಸುವುದು ಆಗಿನ ವಾಡಿಕೆ. ಹಾಗಾಗಿ ಆ ಹೆಸರು ಮಾರಿದವರದು. ಮಾಡಿದವರು ಯಾರು ಅನ್ನುವ ಸುಳಿವು ನಳಿಗೆಯ ಹೊಟ್ಟೆಯಲ್ಲಿರುತ್ತದೆ, ಅಂದರೆ ಮರದೊಳಗೆ ಮುಚ್ಚಿರುವ ಭಾಗದಲ್ಲಿ. ಅಲ್ಲಿ ಸಣ್ಣ ಸಣ್ಣ ಮುದ್ರೆಗಳಿರುತ್ತವೆ. ಲಂಡನ್ ಇಲ್ಲವೇ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮನೆಯಲ್ಲಿ ಮಾಮೂಲಿಗಿಂತ ಜೋರಿನ ಕಾಡತೂಸು ಹಾರಿಸಿ, ನಳಿಗೆ ತಡೆಯಿತು ಅಂತ ಒತ್ತಿದ ಗುರುತು ಅವು. ಕಿರೀಟದ ಕೆಳಗೆ ಎನ್.ಪಿ. ಅಂತ ಇದ್ದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆಗಿದೆ ಅಂತ. ದಯವಿಟ್ಟು ಅದನ್ನು ನೋಡಲು ನೀವೇ ಸ್ಕ್ರೂ ಬಿಚ್ಚಲು ಹೋಗಬೇಡಿ. ಆ ಸ್ಕ್ರೂಗಳ ತಲೆಯ ಸೀಳು ಕೂದಲೆಳೆಯಷ್ಟು ಸಣ್ಣ. ಅಂಗಡಿಯ ಸ್ಕ್ರೂಡ್ರೈವರ್ ಹಾಕಿದರೆ ಕಿತ್ತು ಬರುತ್ತದೆ. ಆ ಕಿತ್ತ ಗುರುತು ಕೊಳ್ಳುವವನ ಕಣ್ಣಿಗೆ ಮೊದಲು ಬೀಳುತ್ತದೆ.

ಬೋಲ್ಟ್, ಅಂದರೆ ಕಾಡತೂಸನ್ನು ನಳಿಗೆಯೊಳಗೆ ತಳ್ಳಿ ಮುಚ್ಚುವ ಉಕ್ಕಿನ ಸರಳು, ಅದು ಮಾತ್ರ ಫೋಟೋದಲ್ಲೇ ಗೊತ್ತಾಗುತ್ತದೆ. ಅದು ಮೌಸರ್ 98. ಪಾಲ್ ಮೌಸರ್ ಜರ್ಮನಿಯ ಓಬರ್ನ್‌ಡಾರ್ಫ್ ಊರಿನಲ್ಲಿ ರೂಪಿಸಿದ್ದು, 1898ರಲ್ಲಿ ಜರ್ಮನ್ ಸೈನ್ಯ ತೆಗೆದುಕೊಂಡಿದ್ದು. ನಳಿಗೆ ಮೇಲೆ 275 ಅಂತ ಇದೆಯಲ್ಲ, ಅದು 7 ಮಿಲಿಮೀಟರ್ ಮೌಸರ್ ಕಾಡತೂಸಿಗೆ ಇಂಗ್ಲಿಷರು ಕೊಟ್ಟ ಹೆಸರು. ಲಂಡನ್ನಿನ ರಿಗ್ಬಿ ಕಂಪನಿ ಮೌಸರನ್ನು ಬೇಟೆಯವರಿಗೆ ರೂಢಿ ಮಾಡಿಸಿತು. ಜಿಮ್ ಕಾರ್ಬೆಟ್ ಚಂಪಾವತದ ನರಭಕ್ಷಕ ಹುಲಿಯನ್ನು ಹೊಡೆದದ್ದಕ್ಕೆ 1907ರಲ್ಲಿ ಬಹುಮಾನವಾಗಿ ಸಿಕ್ಕಿದ್ದೂ ರಿಗ್ಬಿಯವರ 275 ರೈಫಲ್ಲೇ. ಅದೇನೂ ಚಿನ್ನದ ಕೆಲಸದ್ದಲ್ಲ, ಸಾದಾ ರೈಫಲ್. ಹಿಡಿಗೆ ಒಂದು ಬೆಳ್ಳಿ ಫಲಕ ಅಷ್ಟೇ.

ಈಗ ಒಂದು ಕೆಲಸ ಮಾಡಿ. ರೈಫಲ್ ಖಾಲಿ ಇದೆ ಅಂತ ಕಣ್ಣಿಂದಲೂ ನೋಡಿ, ಬೆರಳಿಂದಲೂ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಬೋಲ್ಟನ್ನು ನಿಧಾನಕ್ಕೆ ಹಿಂದಕ್ಕೆಳೆಯಿರಿ. ಅದರ ಮೈಗೆ ಉದ್ದಕ್ಕೆ ಒಂದು ಉಕ್ಕಿನ ಪಟ್ಟಿ ಅಂಟಿಕೊಂಡಿದೆ, ತುದಿಯಲ್ಲಿ ಅಗಲವಾದ ಕೊಕ್ಕೆ. ಕಾಡತೂಸು ಕೆಳಗಿನ ಪೆಟ್ಟಿಗೆಯಿಂದ ಮೇಲೆ ಬರುತ್ತಿದ್ದ ಹಾಗೇ ಅದರ ಹಿಂಬದಿಯ ಅಂಚು ಈ ಕೊಕ್ಕೆಯೊಳಗೆ ಜಾರಿ ಕೂರುತ್ತದೆ. ಅಲ್ಲಿಂದ ಕಾಡತೂಸಿನ ಖಾಲಿ ಚಿಪ್ಪು ಹೊರಗೆ ಬೀಳುವ ತನಕ ಬಿಡುವುದಿಲ್ಲ. ಈಗಿನ ಅಗ್ಗದ ರೈಫಲ್‌ಗಳಲ್ಲಿ ಹಾಗಿಲ್ಲ. ಬೋಲ್ಟ್ ಕಾಡತೂಸನ್ನು ಬರೀ ಮುಂದಕ್ಕೆ ತಳ್ಳುತ್ತದೆ, ಪೂರ್ತಿ ಮುಚ್ಚಿದ ಮೇಲಷ್ಟೇ ಹಿಡಿಯುತ್ತದೆ. ಗಾಬರಿಯಲ್ಲಿ ಅರ್ಧಕ್ಕೇ ಹಿಂದಕ್ಕೆಳೆದರೆ ಮೊದಲಿನದು ಅಲ್ಲೇ ಉಳಿದು ಎರಡನೆಯದು ಅದರ ಹಿಂದೆ ಸಿಕ್ಕಿಹಾಕಿಕೊಳ್ಳುತ್ತದೆ. ಶೂಟಿಂಗ್ ರೇಂಜಿನಲ್ಲಿ ಆದರೆ ಬೈದುಕೊಂಡು ಬಿಡಿಸಬಹುದು. ದರೋಜಿ ಗುಡ್ಡದ ಬಂಡೆ ಸಂದಿಯಲ್ಲಿ ಕರಡಿ ಎದ್ದು ನಿಂತಿದ್ದ ಕಾಲದಲ್ಲಿ ಬೈದುಕೊಳ್ಳುವುದಕ್ಕೂ ಪುರುಸೊತ್ತಿರಲಿಲ್ಲ.

ಕೊಕ್ಕೆ ಒಂದೇ ಅಲ್ಲ. ಬೋಲ್ಟಿನ ಮುಂದೆ ಎರಡು ಬೀಗದ ಗಟ್ಟಿಗಳಿದ್ದರೂ ಮೌಸರ್ ಹಿಂದೆ ಇನ್ನೊಂದನ್ನು ಇಟ್ಟಿದ್ದಾನೆ, ಮೊದಲಿನವು ಸೋತರೆ ಇರಲಿ ಅಂತ. ಕಾಡತೂಸು ಒಡೆದು ಬಿಸಿಗಾಳಿ ಹಿಂದಕ್ಕೆ ನುಗ್ಗಿದರೆ ಪಕ್ಕಕ್ಕೆ ಹೋಗಲು ತೂತುಗಳಿವೆ, ಕಣ್ಣಿಗೆ ಹೊಡೆಯದ ಹಾಗೆ ಹಿಂದೆ ಒಂದು ಅಗಲ ಅಂಚಿದೆ. ನೂರು ವರ್ಷ ದಾಟಿದ ಮೇಲೂ ದೊಡ್ಡ ಪ್ರಾಣಿಯ ಬೇಟೆಗೆ ರೈಫಲ್ ಮಾಡುವವರು ಇದೇ ನಮೂನೆಗೆ ಬರುತ್ತಾರೆ. ಹಳೆಯದು ಅನ್ನುವ ಪ್ರೀತಿಗಲ್ಲ, ಇದಕ್ಕಿಂತ ನಂಬಿಕೆಯದು ಕಡಿಮೆ ಅಂತ.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಂಡವರಿದ್ದರು. ಆಗಿನ ಕಾರ್ಡೈಟ್ ಮದ್ದು ಬಿಸಿಲಿಗೆ ಕಾದರೆ ಒತ್ತಡ ಏರುತ್ತಿತ್ತು. ಇಂಗ್ಲೆಂಡಿನ ಚಳಿಯಲ್ಲಿ ಸಲೀಸಾಗಿ ಹೊರಬರುತ್ತಿದ್ದ ಖಾಲಿ ಚಿಪ್ಪು ರಾಯಚೂರಿನ ಮೇ ತಿಂಗಳಲ್ಲಿ ನಳಿಗೆಯೊಳಗೇ ಕಚ್ಚಿಕೊಳ್ಳಬಹುದು. ಅದಕ್ಕೇ ರಿಗ್ಬಿಯವರು 1911ರಲ್ಲಿ ತಂದ ಪಾಯಿಂಟ್ 416ರ ಚಿಪ್ಪು ಅಷ್ಟು ದಪ್ಪ. ಒಳಗೆ ಜಾಗ ಜಾಸ್ತಿ, ಒತ್ತಡ ಕಡಿಮೆ. ಬಿಸಿ ದೇಶದ ಬೇಟೆಗೆ ಬೇಕಾದ ಹಾಗೆ ಯೋಚಿಸಿ ಮಾಡಿದ್ದು.

ಇನ್ನು ಮರ. ನಿಮ್ಮ ರೈಫಲ್ಲಿನದು ಅಕ್ರೋಟ್. ಮರದ ಎಳೆ ಕೈ ಹಿಡಿಯುವ ಸಣ್ಣ ಜಾಗದಲ್ಲಿ ನೇರ ಹೋಗಿದೆ, ಹಿಂದೆ ಭುಜದ ಕಡೆ ಹೊಗೆಯಾಡಿದ ಹಾಗೆ ಸುತ್ತಿಕೊಂಡಿದೆ. ಅದು ತಾನಾಗೇ ಬಂದದ್ದಲ್ಲ. ಒದೆತಕ್ಕೆ ಮುರಿಯುವುದು ಆ ಸಣ್ಣ ಜಾಗದಲ್ಲೇ. ಅದಕ್ಕೇ ದಿಮ್ಮಿಯನ್ನು ಅಳೆದು ನೇರ ಎಳೆ ಅಲ್ಲಿಗೇ ಬರುವಂತೆ ಕೊಯ್ದಿದ್ದಾರೆ, ಚೆಂದದ ಸುಳಿಯನ್ನು ಕೆಲಸವಿಲ್ಲದ ಕಡೆಗೆ ಬಿಟ್ಟಿದ್ದಾರೆ.

ಕಬ್ಬಿಣ ಮರಕ್ಕೆ ಸೇರುವ ಗೆರೆಯನ್ನು ಉಗುರಿನಿಂದ ಸವರಿ ನೋಡಿ. ಉಗುರು ಎಲ್ಲೂ ತಡೆಯುವುದಿಲ್ಲ ಅಲ್ವಾ? ಅದನ್ನು ಹೀಗೆ ಮಾಡುತ್ತಾರೆ. ಕಬ್ಬಿಣದ ಭಾಗಕ್ಕೆ ದೀಪದ ಮಸಿ ಹಿಡಿಸಿ ಮರದ ಗುಳಿಗೆ ಇಳಿಸುತ್ತಾರೆ. ಎತ್ತಿ ನೋಡಿದರೆ ಎಲ್ಲಿ ತಾಗಿತೋ ಅಲ್ಲಿ ಕಪ್ಪು ಚುಕ್ಕೆ. ಉಳಿಯಿಂದ ಆ ಚುಕ್ಕೆಯಷ್ಟನ್ನೇ ಹೆರೆಯುತ್ತಾರೆ. ಮತ್ತೆ ಮಸಿ, ಮತ್ತೆ ಇಳಿಸುವುದು, ಮತ್ತೆ ಹೆರೆಯುವುದು. ಕೊನೆಗೆ ಗುಳಿಯ ತುಂಬ ಒಂದೇ ಸಮ ಮಸಿ ಹತ್ತಬೇಕು. ಒಂದು ಕಡೆ ಜಾಸ್ತಿ ಹೆರೆದರೆ ಆ ಮರ ಒಲೆಗೆ. ನಿಮ್ಮ ಬಡಿಗ ಉಪ್ಪು ಕಾಗದ ತಿಕ್ಕಿದರೆ ಮರ ಕಬ್ಬಿಣಕ್ಕಿಂತ ಕೆಳಗಿಳಿಯುತ್ತದೆ. ಆ ಗೆರೆ ಹೋಯಿತು ಅಂದರೆ ಯಾವ ಕೈಗೂ ಅದನ್ನು ವಾಪಸ್ ತರಲು ಆಗುವುದಿಲ್ಲ.

ಹಿಡಿಯ ಮೇಲೆ ಸಣ್ಣ ಚೌಕಳಿ ಗೀರುಗಳಿವೆ. ಇಂಗ್ಲಿಷಿನಲ್ಲಿ ಚೆಕರಿಂಗ್ ಅಂತಾರೆ. ಒಂದು ಇಂಚಿಗೆ 20ರಿಂದ 26 ಗೆರೆ, ಪ್ರತಿಯೊಂದೂ ಕೈಯಿಂದ ಎಳೆದದ್ದು. ಅಂದಕ್ಕೆ ಅಂತ ಕಂಡರೂ ಅದು ಬೆವರಿದ ಅಂಗೈ ಜಾರದಿರಲಿ ಅಂತ. ಮುಂದಿನ ತುದಿಯ ಕಪ್ಪು ಕೊಂಬು ಮರದ ತುದಿ ಸೀಳದ ಹಾಗೆ ಕಾಯುತ್ತದೆ. ಪಟ್ಟಿ ಕಟ್ಟುವ ಬಳೆಯನ್ನು ಮರಕ್ಕೆ ಹಾಕದೆ ಮುಂದೆ ನಳಿಗೆಗೆ ಹಾಕಿದ್ದಾರೆ, ಒದೆತಕ್ಕೆ ಎಡಗೈ ಅದಕ್ಕೆ ಬಡಿಯಬಾರದು ಅಂತ. ಕೆಲವು ರೈಫಲ್‌ಗಳಲ್ಲಿ ಹಿಡಿಯ ಕೆಳಗಿನ ಉಕ್ಕಿನ ಮುಚ್ಚಳ ತೆರೆದರೆ ಒಳಗೆ ಒಂದು ಬಿಡಿ ಗುರಿಮಣಿ ಇರುತ್ತದೆ, ಕಾಡಿನಲ್ಲಿ ಮೂಲದ್ದು ಮುರಿದರೆ ಹಾಕಿಕೊಳ್ಳಲು. ನಿಮ್ಮದರಲ್ಲಿ ಆ ಮುಚ್ಚಳಕ್ಕೆ ಕೀಲು ಇರುವ ಹಾಗೆ ಕಾಣುತ್ತದೆ. ಹೆಬ್ಬೆರಳಿನ ಉಗುರಿನಿಂದ ಮೆಲ್ಲಗೆ ಎತ್ತಿ ನೋಡಿ.

ಹೇಳಿ ಮಾಡಿಸುವುದು ಅಂದರೆ ಮುಖ್ಯವಾಗಿ ಅಳತೆ. ಟ್ರಿಗರ್‌ನಿಂದ ಭುಜಕ್ಕೆ ತಾಗುವ ತುದಿ ತನಕ ಎಷ್ಟು ಉದ್ದ, ಕೆನ್ನೆ ಕೂರುವ ಜಾಗ ಎಷ್ಟು ಇಳಿಜಾರು, ಹಿಡಿ ಪಕ್ಕಕ್ಕೆ ಎಷ್ಟು ವಾಲಬೇಕು. ಲಂಡನ್ನಿನಲ್ಲಿ ಇದಕ್ಕೆಂದೇ ಎಲ್ಲ ಕಡೆ ತಿರುಪು ಇರುವ ಅಳತೆ ಬಂದೂಕು ಇರುತ್ತಿತ್ತು. ಗಿರಾಕಿ ಅದನ್ನು ಎತ್ತಿ ಹಿಡಿದರೆ, ಅವನ ಕತ್ತು, ತೋಳು, ಎದೆಗೆ ಸರಿಯಾಗಿ ತಿರುಗಿಸಿ ಅಳತೆ ಬರೆದುಕೊಳ್ಳುತ್ತಿದ್ದರು. ನಿಮ್ಮ ಅಜ್ಜನ ರೈಫಲ್ ಯಾರ ಅಳತೆಯದು ಅಂತ ತಿಳಿಯಲು ಒಂದು ದಾರಿ ಇದೆ. ಖಾಲಿ ರೈಫಲ್ಲನ್ನು ಬಯಲಿನ ಕಡೆ ತಿರುಗಿಸಿ, ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ಕೆನ್ನೆ ಇಟ್ಟು ಕಣ್ಣು ತೆರೆಯಿರಿ. ಹಿಂದಿನ ಸೀಳಿನಲ್ಲಿ ಮುಂದಿನ ಮಣಿ ನೇರ ಕೂತಿದ್ದರೆ ಅದನ್ನು ಮಾಡಿಸಿಕೊಂಡವನ ಮೈಕಟ್ಟು ನಿಮ್ಮ ಹಾಗೇ ಇತ್ತು. ನಿಮ್ಮ ಮಗನಿಗೂ ಕೊಟ್ಟು ನೋಡಿ. ಆಮೇಲೆ ಗುಜರಿ ಅಂತ ಹೇಳಲಿ.

ಜೋಡು ನಳಿಗೆಯ ರೈಫಲ್ ಇನ್ನೂ ತಲೆನೋವಿನ ಕೆಲಸ. ಎರಡು ನಳಿಗೆಯ ಗುಂಡೂ ಒಂದೇ ಕಡೆ ಬೀಳಬೇಕು, ಎರಡು ಎತ್ತು ಒಂದೇ ಸಾಲಿಗೆ ನಡೆಯಬೇಕಾದ ಹಾಗೆ. ಹಾರಿಸಿ ನೋಡುತ್ತಾರೆ, ಬೆಸುಗೆ ಕರಗಿಸಿ ನಡುವಿನ ಬೆಣೆ ಸರಿಸುತ್ತಾರೆ, ಮತ್ತೆ ಹಾರಿಸುತ್ತಾರೆ. ಅದೂ ಒಂದೇ ನಮೂನೆ ಕಾಡತೂಸಿಗೆ. ಬೇರೆ ಹಾಕಿದರೆ ಗುಂಡುಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ಇವುಗಳಲ್ಲಿ 465, 470 ಅಂತ ವಿಚಿತ್ರ ಅಂಕಿಗಳು ಬಂದದ್ದಕ್ಕೆ ನಮ್ಮ ದೇಶವೇ ಕಾರಣ. ಗಡಿಯಲ್ಲಿ ದಂಗೆಕೋರರ ಕೈಯಲ್ಲಿದ್ದ ಹಳೆ ಮಾರ್ಟಿನಿ ಬಂದೂಕುಗಳಿಗೆ ಗುಂಡು ಸಿಗಬಾರದು ಅಂತ ಬ್ರಿಟಿಷ್ ಸರ್ಕಾರ 1900ರ ದಶಕದಲ್ಲಿ ಪಾಯಿಂಟ್ 450ರ ಆಮದನ್ನು ಭಾರತದಲ್ಲಿ ನಿಲ್ಲಿಸಿತು. ಬಂದೂಕು ಮಾಡುವವರು ಅಳತೆಯನ್ನು ಚೂರು ದೊಡ್ಡದು ಮಾಡಿ ಮಾರಿದರು! ಅರಸರು ತರಿಸಿದ ಚಿನ್ನದ ಹುಲಿ, ಬೆಳ್ಳಿ ಆನೆ ಕೂರಿಸಿದ ಜೋಡು ನಳಿಗೆಗಳು ಹರಾಜಿನಲ್ಲಿ ಕೋಟಿ ಮುಟ್ಟುತ್ತವೆ. ನನಗೆ ಅವು ಹಿಡಿಸುವುದಿಲ್ಲ. ಚಿನ್ನದ ಕೆಳಗೆ ಕೆಲಸ ಕಾಣುವುದಿಲ್ಲ.

ನಿಮ್ಮ ಮಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಈಗಿನ ಮಾಮೂಲಿ ಕಾರ್ಖಾನೆ ರೈಫಲ್, ಮೇಲೊಂದು ದುರ್ಬೀನು ಇದ್ದರೆ, 100 ಗಜದಲ್ಲಿ ಒಂದು ಇಂಚು ಅಗಲದ ವೃತ್ತದೊಳಗೆ ಗುಂಡುಗಳನ್ನು ಕೂರಿಸುತ್ತದೆ. ನಿಮ್ಮದು ತೆರೆದ ಗುರಿಮಣಿಯದು, ಮೂರು ಇಂಚು ಬಂದರೆ ಸಂತೋಷಪಡಬೇಕು. ಅಕ್ರೋಟ್ ಮರ ಮಳೆಗಾಲದಲ್ಲಿ ಉಬ್ಬಿ ನಳಿಗೆಯನ್ನು ಒತ್ತುತ್ತದೆ, ಗುರಿ ಸರಿಯುತ್ತದೆ. ಪ್ಲಾಸ್ಟಿಕ್ ಹಿಡಿಗೆ ಆ ರಗಳೆ ಇಲ್ಲ. ಬೇಟೆಗೆ ಇಂಥದೇ ಬೇಕು ಅಂತಲೂ ಇರಲಿಲ್ಲ. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳ ಹಿಂದೆ ಹೋದದ್ದು ಅಮೆರಿಕದ ವಿಂಚೆಸ್ಟರ್ ಕಾರ್ಖಾನೆಯ ಪಾಯಿಂಟ್ 405 ಹಿಡಿದು.

ಅದೇ ವಿಂಚೆಸ್ಟರ್ ಕಂಪನಿಯ ಇನ್ನೊಂದು ಕಥೆ ಇಲ್ಲಿ ಹೇಳಲೇಬೇಕು. ಅವರು 1936ರಲ್ಲಿ ತಂದ ಮಾಡೆಲ್ 70 ರೈಫಲ್ಲಿಗೆ ಮೌಸರ್ ಥರದ ಕೊಕ್ಕೆ ಇತ್ತು, ಹಿಡಿಯ ಗೀರು ಕೊರೆದದ್ದು. ಖರ್ಚು ಜಾಸ್ತಿ ಆಯಿತು ಅಂತ 1964ರಲ್ಲಿ ಕೊಕ್ಕೆ ತೆಗೆದರು, ಗೀರುಗಳನ್ನು ಯಂತ್ರದಲ್ಲಿ ಒತ್ತಿ ಮೂಡಿಸಿದರು. ಹೊಸದೂ ಚೆನ್ನಾಗೇ ಹೊಡೆಯುತ್ತಿತ್ತು. ಆದರೆ ಜನ ತಿರುಗಿಬಿದ್ದರು. ಇವತ್ತಿಗೂ ಅಮೆರಿಕದಲ್ಲಿ 1964ಕ್ಕೆ ಮುಂಚಿನದು ಅಂದರೆ ಬೆಲೆಯೇ ಬೇರೆ. ಕೊನೆಗೆ 1990ರ ದಶಕದಲ್ಲಿ ಕಂಪನಿಯೇ ಆ ಕೊಕ್ಕೆಯನ್ನು ವಾಪಸ್ ತಂದಿತು. ಅಲ್ಲಿ ಹೇಳಿ ಮಾಡಿಸುವ ಪರಂಪರೆ ಇನ್ನೂ ಗಟ್ಟಿ ಇದೆ. ನ್ಯೂಯಾರ್ಕಿನಲ್ಲಿ 1923ರಲ್ಲಿ ಶುರುವಾದ ಗ್ರಿಫಿನ್ ಅಂಡ್ ಹೋ, ಸೈನ್ಯದ ಸ್ಪ್ರಿಂಗ್‌ಫೀಲ್ಡ್ ರೈಫಲ್ಲನ್ನು ಬೇಟೆಗೆ ಒಗ್ಗಿಸಿ ಹೆಸರಾಯಿತು. ಆಮೇಲೆ ಆಲ್ ಬೀಸನ್ ಅಂಥವರು ಬಂದರು. ತಮ್ಮ ಮನೆ ಹಿಂದಿನ ಕೋಣೆಯಲ್ಲಿ ಒಬ್ಬರೇ ಕೂತು ಇಡೀ ರೈಫಲ್ಲಿನ ಮರಗೆಲಸ ಮಾಡುವವರು ಅಲ್ಲಿ ಈಗಲೂ ಇದ್ದಾರೆ.

ಜನರ ಮೋಹ ಇಲ್ಲಿದೆ ಅಂತ ನನ್ನ ಲೆಕ್ಕ. ಆ ರೈಫಲ್ ಮೇಲೆ ಎಲ್ಲಿ ಕೈಯಿಟ್ಟರೂ ಯಾರೋ ಒಬ್ಬ ಯೋಚನೆ ಮಾಡಿದ್ದು ಬೆರಳಿಗೆ ಸಿಗುತ್ತದೆ. ಇಲ್ಲಿ ಬೆವರುತ್ತಾನೆ, ಇಲ್ಲಿ ಒದೆಯುತ್ತದೆ, ಇಲ್ಲಿ ಗಾಬರಿಯಾಗುತ್ತಾನೆ ಅಂತ. ಯಾವುದೂ ಮುಚ್ಚಿಟ್ಟಿಲ್ಲ, ಎಲ್ಲ ಬಿಚ್ಚಿ ನೋಡಬಹುದು, ಹಾಳಾದರೆ ಇನ್ನೊಬ್ಬ ಕೂತು ಸರಿ ಮಾಡಬಹುದು. ನಾಳೆ ಪ್ಲಾಸ್ಟಿಕ್ ಹಿಡಿ ಬಿರುಕು ಬಿಟ್ಟರೆ ನನ್ನ ಹತ್ತಿರ ತರಬೇಡಿ, ನನಗೆ ಮಾಡಲು ಏನೂ ಇರುವುದಿಲ್ಲ.

ಬೇಟೆ ಇಲ್ಲದಿದ್ದರೂ ಯಾಕೆ ಅಂತ ಕೇಳಿದಿರಿ. ಬೇಟೆ ನಿಂತದ್ದು ಒಳ್ಳೆಯದೇ ಆಯಿತು. 1972ರ ವನ್ಯಜೀವಿ ಕಾಯ್ದೆ ಬರುವ ಹೊತ್ತಿಗೆ ನಮ್ಮ ಎರೆಹೊಲಗಳಲ್ಲಿ ಜಿಂಕೆ ಹಿಂಡುಗಳು ಕರಗಿದ್ದವು. 1994ರಲ್ಲಿ ದರೋಜಿ ಕರಡಿಗಳಿಗೆ ವನ್ಯಧಾಮ ಆಯಿತು. ನಿಮ್ಮ ಪಕ್ಕದ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗೂ ಜಾಗ ಸಿಕ್ಕಿದೆ. ಹೊಲಕ್ಕೆ ಹಂದಿ ನುಗ್ಗಿತು ಅಂತ ಈ ರೈಫಲ್ ಹೊರಗೆ ತೆಗೆಯಬೇಡಿ, ಅರಣ್ಯ ಇಲಾಖೆಗೆ ಹೇಳಿ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಸಾಲು ಸಾಲು ಬೇಟೆ ಕೆತ್ತಿದ್ದಾರೆ. ಸತ್ತ ಜಿಂಕೆ ನೋಡೋಣ ಅಂತ ಯಾರಾದರೂ ಅಲ್ಲಿಗೆ ಹೋಗುತ್ತಾರಾ? ಉಳಿ ಆಡಿದ ರೀತಿ ನೋಡಲು ಹೋಗುತ್ತಾರೆ.

ಮಾರುವ ಮಾತಿಗೆ ಬಂದರೆ, ಆತುರ ಬೇಡ. ಕೊಳ್ಳುವವನಿಗೆ ಈ ಬೋರಿಗೆ ಲೈಸೆನ್ಸ್ ಇರಬೇಕು, ಡಿ.ಸಿ. ಕಚೇರಿಗೆ ಮೊದಲೇ ತಿಳಿಸಬೇಕು. 2019ರ ತಿದ್ದುಪಡಿ ಆದ ಮೇಲೆ ಒಬ್ಬರ ಹೆಸರಿನಲ್ಲಿ ಎರಡೇ ಬಂದೂಕು, ವಾರಸಾದಲ್ಲಿ ಬಂದದ್ದೂ ಲೆಕ್ಕಕ್ಕೆ. ಹಾಗಾಗಿ ಕೊಳ್ಳಲು ಆಸೆ ಇದ್ದರೂ ಜಾಗ ಇಲ್ಲದವರೇ ಜಾಸ್ತಿ. ನೀವು ಬಯಸುವ ಬೆಲೆ ಈ ವರ್ಷ ಸಿಗದೇ ಇರಬಹುದು. ಮೂಲ ಮರ, ಮೂಲ ಬಣ್ಣ ಉಳಿದಿದ್ದರೆ ಮುಂದೆ ಸಿಗುತ್ತದೆ.

ನಳಿಗೆಯ ಬಣ್ಣದ ಬಗ್ಗೆಯೂ ಹೇಳಿಬಿಡುತ್ತೇನೆ, ಪಾಲಿಶ್‌ನವನು ಮುಂದೆ ಅದಕ್ಕೂ ಕೈ ಹಾಕುತ್ತಾನೆ. ಆ ನೀಲಿಗಪ್ಪು ಬಣ್ಣ ತುಕ್ಕಿನಿಂದಲೇ ಬಂದದ್ದು. ನಳಿಗೆಗೆ ದ್ರಾವಣ ಸವರಿ ತೇವದಲ್ಲಿಟ್ಟು ತೆಳುವಾಗಿ ತುಕ್ಕು ಹಿಡಿಸುತ್ತಾರೆ. ಕುದಿಯುವ ನೀರಿಗೆ ಹಾಕಿದರೆ ಕೆಂಪು ಹೋಗಿ ಕಪ್ಪಾಗುತ್ತದೆ. ಸಡಿಲ ಪುಡಿಯನ್ನು ಸಣ್ಣ ತಂತಿ ಬ್ರಷ್‌ನಿಂದ ತೆಗೆದು ಮತ್ತೆ ಮೊದಲಿಂದ. ಹೀಗೆ ಹಲವು ಸುತ್ತು ಆದಾಗ ಬರುವ ಬಣ್ಣ ಅದು. ಈಗಿನವರು ಬಿಸಿ ಉಪ್ಪಿನ ತೊಟ್ಟಿಯಲ್ಲಿ ಅದ್ದಿ ಅರ್ಧ ಗಂಟೆಯಲ್ಲಿ ಕಪ್ಪು ಮಾಡುತ್ತಾರೆ. ನಿಮ್ಮ ಬೀಗರ ಮನೆಯಲ್ಲಿ ಜೋಡು ನಳಿಗೆ ಇದ್ದರೆ ಅವರಿಗೂ ಹೇಳಿ: ಆ ತೊಟ್ಟಿಗೆ ಹಾಕಿಸಿದರೆ ಎರಡು ನಳಿಗೆ ನಡುವಿನ ಬೆಸುಗೆ ತಿಂದುಹೋಗುತ್ತದೆ.

ಆಯುಧ ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಒದ್ದೆ ಅರಿಶಿನ ಕುಂಕುಮವನ್ನು ನಳಿಗೆಗೆ ಹಚ್ಚಿ ಬನ್ನಿ ಮುಡಿಯುವ ತನಕ ಬಿಟ್ಟರೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಕೂರುತ್ತದೆ. ನಿಮ್ಮ ಎರಡನೇ ಫೋಟೋದಲ್ಲಿ ಮೂರು ಬೆರಳಿನ ಗುರುತು ಇದೆಯಲ್ಲ, ಅದು ಹಾಗೇ ಆದದ್ದು. ಹೂವನ್ನು ಮರಕ್ಕೆ ಇಡಿ, ಕುಂಕುಮವನ್ನು ಪೆಟ್ಟಿಗೆಗೆ ಹಚ್ಚಿ. ಅಜ್ಜನ ಕಾಲದ ಕಾಡತೂಸು ಮನೆಯಲ್ಲಿ ಉಳಿದಿದ್ದರೆ ಹಾರಿಸಬೇಡಿ, ಠಾಣೆಗೆ ಒಪ್ಪಿಸಿ. ಆಗಿನ ಕೇಪಿನ ಮದ್ದು ನಳಿಗೆಯೊಳಗೆ ಉಪ್ಪು ಬಿಡುತ್ತಿತ್ತು. ಬಿಸಿನೀರಲ್ಲಿ ತೊಳೆಯದಿದ್ದರೆ ಒಳಗೆ ಗುಳಿ ಬೀಳುತ್ತಿತ್ತು. ನಿಮ್ಮದರಲ್ಲಿ ಎಷ್ಟು ಬಿದ್ದಿದೆ ಅಂತ ನೋಡಿಯೇ ಹೇಳಬೇಕು.

ಮರಕ್ಕೆ ಬೇಕಾದದ್ದು ಅಗಸೆ ಎಣ್ಣೆ, ನಮ್ಮ ಚಟ್ನಿಪುಡಿಯ ಅಗಸೆಯದೇ. ಕುದಿಸಿ ತಯಾರಿಸಿದ್ದು ಬಣ್ಣದ ಅಂಗಡಿಯಲ್ಲಿ ಸಿಗುತ್ತದೆ. ಮೊದಲು ಒಣ ಹತ್ತಿಬಟ್ಟೆಯಲ್ಲಿ ಕೊಳೆ ಒರೆಸಿ. ಎರಡೇ ಹನಿ ಅಂಗೈಗೆ ಹಾಕಿಕೊಂಡು, ಅಂಗೈ ಬಿಸಿಯಾಗುವ ತನಕ ಮರಕ್ಕೆ ತಿಕ್ಕಿ, ಉಳಿದದ್ದನ್ನು ಒರೆಸಿ. ವಾರ ಬಿಟ್ಟು ಇನ್ನೊಂದು ಸಲ. ಜಾಸ್ತಿ ಹಾಕಿದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗೇ ಕಾದು ಬೆಂಕಿ ಹತ್ತುವುದುಂಟು. ನೀರಲ್ಲಿ ನೆನೆಸಿ ಹೊರಗೆ ಹರಡಿ.

ಬೋಲ್ಟ್ ಹಿಂದಿನ ಮರ ಕಪ್ಪಗಾಗಿ ಮೆತ್ತಗಾಗಿರುವುದು ಹಳೆತನದಿಂದಲ್ಲ. ಠಾಣೆಯಲ್ಲೋ ವಾಡೆಯಲ್ಲೋ ನಳಿಗೆ ಮೇಲೆ ಮಾಡಿ ನಿಲ್ಲಿಸಿದ್ದಾರೆ, ಕಬ್ಬಿಣಕ್ಕೆ ಹಾಕಿದ ಎಣ್ಣೆಯೆಲ್ಲ ಇಳಿದು ಅಲ್ಲಿ ನಿಂತಿದೆ. ಇನ್ನು ಮೇಲೆ ನಳಿಗೆ ಕೆಳಗೆ ಮಾಡಿ, ಅಡಿಗೊಂದು ಬಟ್ಟೆ ಇಟ್ಟು, ಬೀಗ ಹಾಕಿದ ಕಪಾಟಿನಲ್ಲಿ ನಿಲ್ಲಿಸಿ. ಚರ್ಮದ ಚೀಲ ಬೇಡ, ಅದು ತೇವ ಹಿಡಿಯುತ್ತದೆ. ಇಳಿದ ಎಣ್ಣೆಯನ್ನು ಸೀಮೆಸುಣ್ಣದ ಪುಡಿಯಿಂದ ಹೀರಿಸುವ ಕೆಲಸ ನನ್ನದು. ಲೈಸೆನ್ಸ್ ಪುಸ್ತಕ ಜೊತೆಗಿಟ್ಟುಕೊಂಡು, ಬೋಲ್ಟ್ ಬಿಚ್ಚಿ ಬೇರೆ ಚೀಲದಲ್ಲಿ ಹಾಕಿಕೊಂಡು ಬಳ್ಳಾರಿಗೆ ಬನ್ನಿ. ಚುನಾವಣೆ ನೀತಿ ಸಂಹಿತೆ ಇಲ್ಲದ ದಿನ ನೋಡಿಕೊಂಡು.